ಬಿಟ್ಟೆ ಎಂದು ಹೇಳಿದ ಮೇಲೆ

ಅಕ್ಟೋಬರ್ 15, ಮಂಗಳವಾರ

ಇದನ್ನು ಬರೆಯದೆ ಬಿಡೋಣ ಅಂದುಕೊಂಡಿದ್ದೆ. ಮೊದಲು ಹವಾಮಾನದ ಬಗ್ಗೆ ಬರೆದೆ, ಆಮೇಲೆ ಟಿಲ್ಲಿಯ ಕೆಮ್ಮಿನ ಬಗ್ಗೆ ಬರೆದೆ, ಎರಡನ್ನೂ ಹೊಡೆದುಹಾಕಿದೆ. ಬರೆಯಬೇಕಾದದ್ದು ಇಷ್ಟೇ: ನಾನು ಕೆಲಸ ಬಿಟ್ಟಿಲ್ಲ. ಬಿಟ್ಟಿದ್ದೇನೆ ಎಂದು ಮಗಳಿಗೆ ಹೇಳಿದ್ದೇನೆ.

ತೆಗೆದುಕೊಂಡಿರುವುದು ಸಂಬಳವಿಲ್ಲದ ರಜೆ, ಜನವರಿ ಕೊನೆಯವರೆಗೆ. ಅಷ್ಟರೊಳಗೆ ಮರಳಿ ಬರುತ್ತೇನೆ ಎನ್ನಬೇಕು, ಇಲ್ಲವಾದರೆ ಸಹಿ ಹಾಕಿದ ರಾಜೀನಾಮೆಯನ್ನು ಅಂಚೆಯಲ್ಲಿ ಕಳಿಸಬೇಕು. ನನ್ನ ಗಂಡ ಕ್ಲೈಡ್‌ಗೆ ಇದು ಗೊತ್ತು. ಎಂಟು ವರ್ಷದ ಟಿಲ್ಲಿಗೆ ಗೊತ್ತಿಲ್ಲ. ಅವಳ ಮಟ್ಟಿಗೆ ಅಮ್ಮ ವಿಮಾನ ಹಾರಿಸುವುದನ್ನು ಬಿಟ್ಟು ಮನೆಗೆ ಬಂದಾಯಿತು.

ಇವತ್ತು ಗ್ರಂಥಾಲಯದಲ್ಲಿ ಒಬ್ಬ ಹೆಂಗಸು ಪಕ್ಕ ಬಂದು ಕೂತಳು. ಮಕ್ಕಳು ಪುಸ್ತಕ ಹುಡುಕುತ್ತಿದ್ದರು.

“ನೀವೇನು ಮಾಡ್ತೀರಿ?”

“ಪೈಲಟ್. ಸರಕು ವಿಮಾನದ ಕ್ಯಾಪ್ಟನ್. ಸದ್ಯಕ್ಕೆ ರಜೇಲಿದೀನಿ.”

ಹೇಳುವ ಮೊದಲು ಟಿಲ್ಲಿ ಎಲ್ಲಿದ್ದಾಳೆ ಎಂದು ತಿರುಗಿ ನೋಡಿದೆ. ದೂರದ ಕಪಾಟಿನ ಹತ್ತಿರ ಇದ್ದಳು. ಅಷ್ಟು ದೂರಕ್ಕೆ ಕೇಳಿಸುವುದಿಲ್ಲ ಎಂದು ಲೆಕ್ಕ ಹಾಕಿಯೇ ಬಾಯಿ ತೆರೆದೆ. ನಾಚಿಕೆಯಾಗುತ್ತಿರುವುದು ಮಗಳಿಗೆ ಹೇಳಿದ ಸುಳ್ಳಿಗಿಂತ ಆ ಲೆಕ್ಕಕ್ಕೆ.

ಈಗಷ್ಟೇ ಮನೆ ಮೇಲೆ ಒಂದು 747 ವಿಮಾನ ಹೋಯಿತು. ಭಾರ ತುಂಬಿಕೊಂಡಿತ್ತು, ಏಷ್ಯಾದ ಕಡೆಗೆ.

ಅಕ್ಟೋಬರ್ 19, ಶನಿವಾರ

ಹೇಗೆ ಇಲ್ಲಿಗೆ ಬಂದೆವು ಎಂಬುದನ್ನು ನನಗೇ ಸರಿಯಾಗಿ ಹೇಳಿಕೊಳ್ಳಬೇಕು.

ಕ್ಲೈಡ್ ಎರಡು ವಾರ ಉತ್ತರದ ತೈಲಕ್ಷೇತ್ರದಲ್ಲಿ, ಎರಡು ವಾರ ಮನೆಯಲ್ಲಿ. ನಾನೂ ಹೆಚ್ಚುಕಡಿಮೆ ಹಾಗೇ. ನಡುವೆ ಮನೆಯನ್ನು ಹಿಡಿದುಕೊಂಡಿದ್ದವಳು ಕ್ಲೈಡ್‌ನ ತಾಯಿ ಬರ್ಡಿ. ಟಿಲ್ಲಿಯನ್ನು ಬೆಳೆಸಿದ್ದು ಅವಳೇ. ನಮ್ಮ ಆಂಕರೇಜ್ ಊರಿನಲ್ಲಿ ಇಂಥ ಮನೆಗಳು ಎಷ್ಟೋ ಇವೆ, ಯಾರೂ ವಿಚಿತ್ರ ಎಂದುಕೊಳ್ಳುವುದಿಲ್ಲ. ಈ ಬೇಸಿಗೆಯಲ್ಲಿ ಎಪ್ಪತ್ತು ದಾಟಿದ ಬರ್ಡಿ ತನ್ನ ಬೌಲಿಂಗ್ ಆಟದ ತಂಡದ ವಿಧುರನೊಬ್ಬನನ್ನು ಮದುವೆಯಾಗಿ ಅರಿಜೋನಕ್ಕೆ ಹೊರಟುಹೋದಳು. ಯಾರು ತಾನೇ ಬೈಯಲು ಸಾಧ್ಯ? ಮದುವೆಯಲ್ಲಿ ನಾವೆಲ್ಲ ಕುಣಿದೆವು.

ಆಗಸ್ಟಿನಲ್ಲಿ ನಾನೊಂದು ಸುತ್ತು ಡ್ಯೂಟಿಗೆ ಹೋಗಿ ಬಂದೆ. ಮನೆಯಲ್ಲಿ ಸಂಬಳದ ಆಯಾ ಇದ್ದಳು. ಬೆಳಗ್ಗೆ ಬಾಗಿಲು ತೆರೆದಾಗ ಟಿಲ್ಲಿ ಒಳಬಾಗಿಲಿನ ಕಾಲೊರಸಿನ ಮೇಲೆ ಮಲಗಿದ್ದಳು, ಬೂಟು ಹಾಕಿಕೊಂಡು. ಯಾರಾದರೂ ಹೊರಟರೆ ಜೊತೆಗೆ ಹೊರಡಲು ತಯಾರಾಗಿ. ಆಯಾ ಹೇಳಿದ ಪ್ರಕಾರ ದಿನವೂ ಹಾಗೇ.

ನಾನು ಅಲ್ಲೇ, ಸಮವಸ್ತ್ರದಲ್ಲೇ, ಮಂಡಿಯೂರಿ ಹೇಳಿದೆ: “ಕೆಲಸ ಬಿಟ್ಟೆ ಕಣೇ. ಇನ್ನು ಹೋಗಲ್ಲ.”

ಆಗ ಅದು ನಿಜವೇ ಆಗಿತ್ತು. ಸಂಜೆ ರಾಜೀನಾಮೆ ಬರೆಯಲು ಕೂತಾಗ ಸುಳ್ಳಾಯಿತು.

ನಮ್ಮಲ್ಲಿ ಎಲ್ಲವೂ ಸೀನಿಯಾರಿಟಿಯ ಮೇಲೆ. ಯಾವ ವಿಮಾನ, ಯಾವ ಮಾರ್ಗ, ಕ್ರಿಸ್‌ಮಸ್ಸಿಗೆ ಯಾರು ಮನೆಯಲ್ಲಿ, ಎಲ್ಲ. ಸೇರಿದ ದಿನ ಪಟ್ಟಿಯ ತಳದಲ್ಲಿರುತ್ತೇವೆ. ಮೇಲಿನವರು ನಿವೃತ್ತರಾದಂತೆ ಒಂದೊಂದೇ ಮೆಟ್ಟಿಲು ಏರುತ್ತೇವೆ. ರಾಜೀನಾಮೆ ಕೊಟ್ಟ ಗಳಿಗೆ ಆ ಜಾಗ ಹೋಯಿತು. ನಾಳೆ ಮನಸ್ಸು ಬದಲಿಸಿ ಮರಳಿದರೂ ನಿನ್ನೆ ಮೊನ್ನೆ ಸೇರಿದ ಹುಡುಗರ ಕೆಳಗೆ ನಿಲ್ಲಬೇಕು. ಹೆಂಗಸರು ಬೆರಳೆಣಿಕೆಯಷ್ಟಿದ್ದಾಗ ಏರಲು ಶುರುಮಾಡಿದವಳು ನಾನು. ಪೆನ್ನು ಮುಚ್ಚಿ ರಜೆಯ ಅರ್ಜಿ ತುಂಬಿದೆ.

ಅಕ್ಟೋಬರ್ 31, ಗುರುವಾರ

ಇವತ್ತು ಹ್ಯಾಲೋವೀನ್, ಮಕ್ಕಳೆಲ್ಲ ವೇಷ ಹಾಕಿಕೊಂಡು ಮನೆಮನೆ ಸುತ್ತುವ ಸಂಜೆ. ಟಿಲ್ಲಿಗೆ ಗೂಬೆಯ ವೇಷ ಬೇಕಿತ್ತು. ಅವಳ ಅಳತೆಗೆ ಸರಿಯಾದದ್ದನ್ನೇ ಹುಡುಕಿ ತಂದಿದ್ದೆ, ರೆಕ್ಕೆಗಳೆಲ್ಲ ಸೊಗಸಾಗಿದ್ದವು. ಸಂಜೆ ಹಿಮದ ಉಡುಪಿನ ಮೇಲೆ ತೊಡಿಸಲು ಹೋದರೆ ಭುಜದಿಂದ ಕೆಳಗಿಳಿಯಲಿಲ್ಲ. ಈ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ವೇಷ ಯಾವಾಗಲೂ ಎರಡು ಅಳತೆ ದೊಡ್ಡದಿರಬೇಕು, ಕೆಳಗೆ ಹಿಮದ ಉಡುಪು ಹೋಗಬೇಕು ಎಂದು ಕೂಸಿಗೂ ಗೊತ್ತು. ನನಗೆ ಮರೆತಿತ್ತು.

ಎದುರುಮನೆಯ ಸಿನಾ ತನ್ನ ನಾಲ್ಕು ಮಕ್ಕಳೊಂದಿಗೆ ಬಾಗಿಲಿಗೆ ಬಂದಳು. ಸಮೋವ ದ್ವೀಪದವಳು, ಇಡೀ ಬೀದಿಗೆ ಕೇಳಿಸುವ ನಗು.

“ಅಯ್ಯೋ ಕ್ಯಾಪ್ಟನ್! ಗೂಬೇನ ಕೊಲ್ತಿದೀಯಾ?”

“ಹಿಡಿಸ್ತಾ ಇಲ್ಲ.”

“ಅಷ್ಟು ದೊಡ್ಡ ವಿಮಾನಾನ ಇಷ್ಟೇ ಅಗಲದ ರಸ್ತೇಲಿ ಇಳಿಸ್ತೀಯ, ಇದು ಹಿಡಿಸಲ್ವಾ? ಕತ್ತರಿ ಕೊಡಿಲ್ಲಿ.”

ಬೆನ್ನಿನ ಹೊಲಿಗೆ ಬಿಚ್ಚಿ, ನಡುವೆ ನಮ್ಮ ಕಂದು ಬಣ್ಣದ ಸ್ನಾನದ ಟವೆಲ್ ಇಟ್ಟು ಪಿನ್ನು ಚುಚ್ಚಿದಳು. ಟಿಲ್ಲಿ ಕನ್ನಡಿಯಲ್ಲಿ ತಿರುಗಿ ನೋಡಿಕೊಂಡು ಹೇಳಿದಳು: “ಅಜ್ಜಿಗೆ ಇದೆಲ್ಲ ಗೊತ್ತಿತ್ತು.”

ಕುಹಕವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು.

ನವೆಂಬರ್ 7, ಗುರುವಾರ

ಹೊಸದಾಗಿ ಹಿಮ ಬಿದ್ದಿದೆ. ಬೆಳಗ್ಗೆ ಬಾಗಿಲಲ್ಲಿ ನಿಂತು ಕಾಕ್‌ಪಿಟ್ಟಿನ ಚೆಕ್‌ಲಿಸ್ಟಿನ ಹಾಗೆ ಒಂದೊಂದಾಗಿ ಕೇಳುತ್ತೇನೆ. “ಟೋಪಿ?” “ಇದೆ.” “ಕೈಗವಸು?” “ಇದೆ, ಎರಡೂ.” “ಊಟದ ಡಬ್ಬಿ?” “ಇದೆ.” ಟಿಲ್ಲಿಗೆ ಇದು ಆಟ. ನನಗೆ ದಿನದಲ್ಲಿ ನೆಟ್ಟಗೆ ಮಾಡಲು ಬರುವ ಒಂದೇ ಕೆಲಸ.

ಅವಳು ಹೋದ ಮೇಲೆ ಮನೆಯಲ್ಲಿ ಮಾಡಲು ಬೇಕಾದಷ್ಟಿದೆ. ಏನೂ ಮಾಡದೆ ಕಿಟಕಿಯ ಹತ್ತಿರ ನಿಂತಿದ್ದೆ. ಎರಡು MD-11 ಸರಕು ವಿಮಾನ ಇಳಿದವು. ಎರಡನೆಯದರ ಪೈಲಟ್ ಇಳಿಯುವಾಗ ಬೇಕಾದ್ದಕ್ಕಿಂತ ಸ್ವಲ್ಪ ಎತ್ತರದಲ್ಲಿದ್ದ.

ನವೆಂಬರ್ 23, ಶನಿವಾರ

ಕ್ಲೈಡ್ ಮನೆಯಲ್ಲಿದ್ದಾನೆ. ಟಿಲ್ಲಿ ಸಿನಾಳ ಮನೆಗೆ ಆಡಲು ಹೋದಾಗ ಜಗಳವಾಯಿತು. ಶುರುವಾದದ್ದು ಪಾತ್ರೆ ತೊಳೆಯುವ ಯಂತ್ರದಿಂದ.

“ತಟ್ಟೆಗಳ ಮುಖ ಒಳಗಡೆ ಇರ್ಬೇಕು,” ಎಂದ.

“ನಾನು ಇಡೋದು ಇಷ್ಟ ಇಲ್ದಿದ್ರೆ ನೀನೇ ಇಡು. ದಿನಾ ಇಡು. ನೀನು ಯಾಕೆ ಕೆಲಸ ಬಿಡ್ತೀನಿ ಅನ್ಲಿಲ್ಲ?”

“ಮಾರಾಯ್ತಿ, ಬಾಯಿ ತೆಗೆಯೋಕೆ ಬಿಟ್ಟಿಯಾ? ಬೆಳಗ್ಗೆ ಬೂಟು ನೋಡ್ದೆ, ಕಾಫಿ ಆರೋದ್ರೊಳಗೆ ತೀರ್ಮಾನ ಕೊಟ್ಟೆ. ನಾನು ಉತ್ತರದಿಂದ ಫೋನ್ ಮಾಡೋ ಹೊತ್ತಿಗೆ ಎಲ್ಲಾ ಆಗೋಗಿತ್ತು.”

ನಾನು ಇನ್ನೊಂದು ತಟ್ಟೆಯನ್ನು ಯಂತ್ರದೊಳಗೆ ತುರುಕಿದೆ.

“ಸರಿ, ಈಗ ಹೇಳ್ತೀನಿ,” ಎಂದ. ಟವೆಲ್ಲಿನಲ್ಲಿ ಕೈ ಒರೆಸಿಕೊಂಡ. “ನಾನು ಬಿಡ್ತೀನಿ. ನೀನು ಹೋಗು. ನಿಜವಾಗ್ಲೂ.”

ಎಷ್ಟೋ ವಾರಗಳಿಂದ ಈ ಮಾತಿಗೇ ಕಾದಿದ್ದೆ ಎಂದುಕೊಂಡಿದ್ದೆ. ಬಂದಾಗ ಕೋಪ ಬಂತು. ಯಾಕೆ ಎಂದು ಯೋಚಿಸಿದೆ. ಅವನು ಬಿಟ್ಟರೆ, ನಾನು ಮತ್ತೆ ಮಗಳನ್ನು ಬಿಟ್ಟುಹೋದ ತಾಯಿಯಾಗುತ್ತೇನೆ. ನಾನು ಬಿಟ್ಟರೆ ತ್ಯಾಗ ಮಾಡಿದವಳು. ಚರ್ಚಿನ ಹೆಂಗಸರು ನನ್ನ ತೋಳು ಸವರಿ “ಎಂಥ ಮನಸ್ಸು ನಿಂದು” ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಅದನ್ನು ತೆಗೆದುಕೊಳ್ಳುತ್ತೇನೆ. ಆ ಹೊಗಳಿಕೆಯೂ ಬೇಕು, ಪಟ್ಟಿಯಲ್ಲಿ ಜಾಗವೂ ಬೇಕು. ಇದನ್ನು ಕ್ಲೈಡ್‌ಗೆ ಹೇಳಲಿಲ್ಲ. “ಯೋಚನೆ ಮಾಡೋಣ” ಎಂದೆ.

ತಟ್ಟೆಗಳನ್ನು ಅವನು ಹೇಳಿದ ಹಾಗೇ ತಿರುಗಿಸಿಟ್ಟೆ. ಅವನು ಹೇಳಿದ್ದು ಸರಿ.

ಡಿಸೆಂಬರ್ 12, ಗುರುವಾರ

ಕಂಪನಿಯಿಂದ ನೆನಪೋಲೆ. ಜನವರಿ 31ರೊಳಗೆ ತಿಳಿಸಬೇಕು. ಸಭ್ಯವಾಗಿ ಬರೆದಿದ್ದಾರೆ.

ಟಿಲ್ಲಿಗೆ ಏಳರ ಮಗ್ಗಿ ಹತ್ತುತ್ತಿಲ್ಲ. ಏಳು ಎಂಟಲ ಎಂದರೆ ಪ್ರತಿಸಲ ಐವತ್ನಾಲ್ಕು ಎನ್ನುತ್ತಾಳೆ, ಅದೂ ಎಂಥ ಧೈರ್ಯದಿಂದ! ಸ್ಕೀ ಹಾದಿಯಲ್ಲಿ ಹೆಜ್ಜೆಗೊಂದರಂತೆ ಹೇಳಿಸಿದೆ. ಅಲ್ಲಿ ತಪ್ಪಲಿಲ್ಲ. ಮೇಜಿನ ಮುಂದೆ ಕೂತರೆ ಮತ್ತೆ ಐವತ್ನಾಲ್ಕು. ಮೇಜೇ ಸರಿಯಿಲ್ಲವೇನೋ. ನಾಳೆ ನಿಂತು ಹೇಳಿಸಿ ನೋಡಬೇಕು.

ಡಿಸೆಂಬರ್ 25, ಬುಧವಾರ

ಬರ್ಡಿ ಫೋನ್ ಮಾಡಿದ್ದಳು.

“ಹೇಗಿದೀಯೇ? ಇಲ್ಲಿ ಅಂಗಿ ತೋಳು ಮಡಚಿಕೊಂಡು ಹೊರಗೆ ಕೂತಿದೀನಿ.”

“ಇಲ್ಲಿ ಹತ್ತು ಗಂಟೆಯಾದ್ರೂ ಬೆಳಕಿಲ್ಲ.”

“ನನಗೆ ಗೊತ್ತಿಲ್ವಾ? ಅದಕ್ಕೇ ಗಂಡನ್ನ ಹುಡುಕ್ಕೊಂಡು ಓಡಿಹೋದೆ.” ನಕ್ಕಳು. ಆಮೇಲೆ ದನಿ ಇಳಿಸಿದಳು. “ನನ್ನ ಮೇಲೆ ಸಿಟ್ಟಿದ್ಯಾ?”

“ಇಲ್ಲ.”

“ಸ್ವಲ್ಪ ಇರ್ಲಿ. ಸಿಟ್ಟೇ ಇಲ್ಲ ಅಂದ್ರೆ ನಾನು ಇಷ್ಟು ವರ್ಷ ಮಾಡಿದ್ದು ಏನೂ ಅಲ್ವೇನೋ ಅನ್ಸುತ್ತೆ.”

ಸ್ವಲ್ಪ ಇದೆ ಎಂದೆ. ಅವಳಿಗೆ ಸಂತೋಷವಾಯಿತು.

ಜನವರಿ 8, ಬುಧವಾರ

ಶಾಲೆಯ ಮುಂದೆ ಕಾರುಗಳ ಸಾಲಿನಲ್ಲಿದ್ದೆ. ಟಿಲ್ಲಿಯ ಟೀಚರ್ ಮಿಸ್ ಅಲೆಕ್ಸೀ ಕಿಟಕಿಗೆ ಬಂದರು. ಶುಕ್ರವಾರ ತಂದೆತಾಯಿಯರು ತರಗತಿಗೆ ಬಂದು ತಮ್ಮ ಕೆಲಸದ ಬಗ್ಗೆ ಹೇಳುತ್ತಾರಂತೆ.

“ನೀವು ಮುಂಚೆ ಪೈಲಟ್ ಆಗಿದ್ರಂತಲ್ಲ. ಟಿಲ್ಲಿ ಹೇಳಿದ್ಳು, ಈಗ ಅಮ್ಮ ಮನೇಲೇ ಇರ್ತಾಳೆ, ಅದಕ್ಕೆ ಬರೋದು ಬೇಡ ಅಂತ.”

“ಮುಂಚೆ” ಎಂಬ ಮಾತು ಎಲ್ಲೋ ತಾಗಿತು. ಅವರದ್ದೇನೂ ತಪ್ಪಿಲ್ಲ.

“ಬರ್ತೀನಿ,” ಎಂದೆ. “ಸಮವಸ್ತ್ರ ಹಾಕ್ಕೊಂಡೇ ಬರ್ತೀನಿ. ಮಕ್ಕಳಿಗೆ ಇಷ್ಟ ಆಗುತ್ತೆ. ಟಿಲ್ಲಿಗೆ ಹೇಳ್ಬೇಡಿ, ಖುಷಿಯಾಗ್ಲಿ.”

ಸಂಜೆ ಸಮವಸ್ತ್ರದ ಕೋಟು ಹೊರತೆಗೆದು ತೋಳಿನ ಮೇಲಿನ ಕ್ಯಾಪ್ಟನ್ನಿನ ನಾಲ್ಕು ಪಟ್ಟಿಗಳನ್ನು ಒರೆಸಿದೆ. ಅದು ಮಕ್ಕಳಿಗಾಗಿ ಎಂದು ಇಲ್ಲಿ ಬರೆಯಲು ಹೋದೆ. ಕೈ ಓಡಲಿಲ್ಲ.

ಜನವರಿ 10, ಶುಕ್ರವಾರ

ಒಬ್ಬ ದಂತವೈದ್ಯ, ಒಬ್ಬ ಅಡುಗೆಯವನು, ಆಮೇಲೆ ನಾನು. ಬಾಗಿಲಲ್ಲಿ ಕಾಣಿಸಿಕೊಂಡಾಗ ಮಕ್ಕಳು ಓ ಎಂದರು. ಆ ಓ ನನಗೆ ಎಷ್ಟು ಹಿತವಾಯಿತೆಂದರೆ ಟಿಲ್ಲಿಯ ಮುಖ ನೋಡುವುದನ್ನೇ ಮರೆತೆ.

ಮೋಡದ ಒಳಗೆ ಹೇಗಿರುತ್ತದೆ, ನಿದ್ದೆ ಬಂದರೆ ಏನು ಮಾಡುತ್ತೀರಿ, ವಿಮಾನದಲ್ಲಿ ಕುದುರೆಗಳನ್ನು ಒಯ್ದಿದ್ದೀರಾ. ಕುದುರೆಗಳನ್ನು ಒಯ್ದಿದ್ದೆ. ಕುದುರೆಯ ಕಥೆ ಚೆನ್ನಾಗಿ ಹೇಳಿದೆ. ಹಿಂದಿನ ಸಾಲಿನಲ್ಲಿ ಒಂದು ಕೈ ನೆಟ್ಟಗೆ ಮೇಲಿತ್ತು, ಉಳಿದವರ ಕೈಗಳ ಹಾಗೆ ಅಲ್ಲಾಡುತ್ತಿರಲಿಲ್ಲ. ಟಿಲ್ಲಿ.

“ಹೂಂ, ಟಿಲ್ಲಿ,” ಎಂದರು ಮಿಸ್ ಅಲೆಕ್ಸೀ.

“ಎಷ್ಟು ರಾತ್ರಿ?”

ಯಾರಿಗೂ ಅರ್ಥವಾಗಲಿಲ್ಲ. ಒಬ್ಬ ಹುಡುಗ ನಕ್ಕ. ನಾನು ಸಮವಸ್ತ್ರ ತೊಟ್ಟಾಗಲೆಲ್ಲ, ಮಾತು ಕಲಿತ ದಿನದಿಂದ, ಅವಳು ಕೇಳುತ್ತಿದ್ದ ಪ್ರಶ್ನೆ ಅದೊಂದೇ. ಎಲ್ಲಿಗೆ ಎಂದು ಯಾವತ್ತೂ ಕೇಳಿದವಳಲ್ಲ.

“ಒಂದೂ ಇಲ್ಲ ಕಂದಾ. ಎಲ್ಲೂ ಹೋಗ್ತಿಲ್ಲ.”

“ಹಾಗಾದ್ರೆ ಅದನ್ನ ಯಾಕೆ ಹಾಕ್ಕೊಂಡ್ ಬಂದೆ?”

ತರಗತಿ ನನ್ನತ್ತ ನೋಡುತ್ತಿತ್ತು. “ಬ್ಯಾಡ್ಜು ನೋಡ್ಲಿ ಅಂತ,” ಎಂದೆ. ಬ್ಯಾಡ್ಜು ಬಿಚ್ಚಿ ಮುಂದಿನ ಸಾಲಿಗೆ ಕೊಟ್ಟೆ. ಕೈಯಿಂದ ಕೈಗೆ ಹೋಯಿತು. ಟಿಲ್ಲಿ ಅದನ್ನು ನೋಡದೆ ಪಕ್ಕದವಳಿಗೆ ದಾಟಿಸಿದಳು.

ಮನೆಗೆ ಬರುವಾಗ ಕಾರಿನಲ್ಲಿ ಹೇಳಿಬಿಟ್ಟೆ. ಬಿಟ್ಟಿಲ್ಲ, ರಜೆ ಮಾತ್ರ, ತಿಂಗಳ ಕೊನೆಯೊಳಗೆ ಹೇಳಬೇಕು.

“ಬಿಟ್ಟೆ ಅಂದಿದ್ದೆ.”

“ಅಂದಿದ್ದೆ.”

“ಬಾಗಿಲ ಹತ್ರ ಅಂದಿದ್ದೆ.”

“ಹೌದು. ಸುಳ್ಳು ಹೇಳ್ದೆ, ಟಿಲ್ಲಿ.”

“ಕಾರ್ ನಿಲ್ಸು. ನಿನ್ ಜೊತೆ ಕೂರಲ್ಲ.”

ನಮ್ಮ ಬೀದಿಯ ತಿರುವು ಬಂದಿತ್ತು. ನಿಲ್ಲಿಸಿದೆ. ಅವಳು ಇಳಿದು ಹಿಮದ ಅಂಚಿನಲ್ಲಿ ನಡೆದಳು, ಚೀಲ ಬೆನ್ನಿನ ಮೇಲೆ ಕುಣಿಯುತ್ತಿತ್ತು. ನಾನು ಎಚ್ಚರಿಕೆಯ ದೀಪ ಹಾಕಿಕೊಂಡು, ಟೋಪಿ, ಕೋಟು, ನಾಲ್ಕು ಪಟ್ಟಿಗಳ ಸಮೇತ, ಆಮೆಯ ಹಾಗೆ ಹಿಂದೆ ಬಂದೆ. ಸಿನಾ ಹಿಮ ಎತ್ತುವುದನ್ನು ನಿಲ್ಲಿಸಿ ನೋಡಿದಳು.

“ಏನ್ ಕ್ಯಾಪ್ಟನ್, ಮಗಳು ನಿನ್ನ ರನ್‌ವೇಗೆ ಕರ್ಕೊಂಡು ಹೋಗ್ತಿದಾಳಾ?”

ನನ್ನ ಮುಖ ನೋಡಿ ನಗು ನುಂಗಿದಳು. ಸಲಿಕೆ ಊರಿ, ನಾವಿಬ್ಬರೂ ಮನೆ ಸೇರುವವರೆಗೆ ನಿಂತೇ ಇದ್ದಳು.

ಜನವರಿ 11, ಶನಿವಾರ

ಬೆಳಗ್ಗೆ ಎದ್ದಾಗ ಟಿಲ್ಲಿ ಬಾಗಿಲ ಹತ್ತಿರ. ಬೂಟು ಹಾಕಿಕೊಂಡು.

ಜನವರಿ 13, ಸೋಮವಾರ

ಮಾತಿಲ್ಲ. “ಟೋಪಿ?” ಎಂದರೆ ಟೋಪಿ ಎತ್ತಿ ತೋರಿಸುತ್ತಾಳೆ.

ಜನವರಿ 15, ಬುಧವಾರ

ಶಾಲೆಯ ಬಾಗಿಲಿಗೆ ಅಡ್ಡವಾಗಿ ಕುದುರೆಯೆತ್ತರದ ಜಿಂಕೆ, ಒಂದು ಮೂಸ್, ತನ್ನ ಮರಿಯೊಂದಿಗೆ ಮಲಗಿತ್ತು. ಅದು ತಾನಾಗಿ ಏಳುವವರೆಗೆ ಯಾರೂ ಇಳಿಯುವಂತಿಲ್ಲ. ಕಾರುಗಳೆಲ್ಲ ಸಾಲಾಗಿ ನಿಂತವು. ಗಾಜು ಮಂಜಾಗುತ್ತಿತ್ತು. ಟಿಲ್ಲಿ ಹಿಂದಿನ ಸೀಟಿನಲ್ಲಿದ್ದಳು. ಗಾಜಿನ ಮಂಜನ್ನು ತೋಳಿನಿಂದ ಒರೆಸಿ ಕೇಳಿದಳು.

“ನಿಂಗೆ ಹೋಗ್ಬೇಕು ಅನ್ಸುತ್ತಾ?”

ಇಲ್ಲ ಎನ್ನಲು ನಾಲಿಗೆ ತಯಾರಾಗಿತ್ತು. “ಅನ್ಸುತ್ತೆ,” ಎಂದೆ.

“ತುಂಬಾ?”

“ತುಂಬಾ.”

“ಇಲ್ಲಿರ್ಬೇಕು ಅಂತ ಅನ್ಸಲ್ವಾ?”

“ಅದೂ ಅನ್ಸುತ್ತೆ.”

“ಯಾವುದು ಜಾಸ್ತಿ?”

“ಒಂದೊಂದು ದಿನ ಒಂದೊಂದು.”

“ಇವತ್ತು?”

“ಇವತ್ತು ಇಲ್ಲಿ.”

“ಮೂಸ್ ಇದೆ ಅಂತ ಹೇಳ್ತಿದೀಯ.”

“ಸ್ವಲ್ಪ ಮೂಸ್‌ಗೂ ಸೇರುತ್ತೆ.”

ಫಕ್ಕನೆ ನಕ್ಕಳು, ತಕ್ಷಣ ಅದನ್ನು ಹಿಂತೆಗೆದುಕೊಂಡಳು. ಆಮೇಲೆ ಮುಂದಕ್ಕೆ ಬಾಗಿ, ನನ್ನ ಸೀಟಿನ ಬೆನ್ನಿಗೆ ಗಲ್ಲ ಊರಿ ಹೇಳಿದಳು:

“ಅಮ್ಮಾ, ನಿಂಗೆ ಅಷ್ಟೊಂದು ಬೇಕಂದ್ರೆ ಹೋಗು. ನಾನು ಬೂಟು ಹಾಕ್ಕೊಂಡು ಮಲಗಲ್ಲ. ಹಾಸಿಗೇಲೇ ಇರ್ತೀನಿ. ಆಣೆ.”

ಗ್ರಂಥಾಲಯದಲ್ಲಿ, ತರಗತಿಯಲ್ಲಿ, ಕಾರಿನಲ್ಲಿ ಆದ ನಾಚಿಕೆಗಳೆಲ್ಲ ಇದರ ಮುಂದೆ ಏನೂ ಅಲ್ಲ. ಎಂಟು ವರ್ಷದ ಮಗು ತನ್ನ ಭಯವನ್ನು ಮಡಚಿ ಪಕ್ಕಕ್ಕಿಟ್ಟು ನನಗೆ ದಾರಿ ಬಿಡುತ್ತಿದೆ. ನಾನು ಇಷ್ಟು ದಿನ ಅವಳು ಹಾಗೆ ದಾರಿ ಬಿಡಲೆಂದೇ ಕಾದಿದ್ದೆನೇ?

“ಅದು ನಿನ್ನ ಕೆಲಸ ಅಲ್ಲ ಕಣೇ,” ಎಂದೆ. “ನಿಂಗೆ ಭಯ ಆದ್ರೆ ಬೂಟು ಹಾಕ್ಕೋ. ನಾನು ಏನು ಮಾಡ್ತೀನಿ ಅನ್ನೋದನ್ನ ನಾನೇ ಹೇಳ್ಬೇಕು. ಈ ಸಲ ಮಾಡಿದ ಮೇಲೆ ಹೇಳ್ತೀನಿ, ಮುಂಚೆ ಅಲ್ಲ.”

“ಬೇಗ ಮಾಡು,” ಎಂದಳು.

ಮೂಸ್ ಎದ್ದು ಮೈ ಕೊಡವಿತು. ಮರಿ ಎದ್ದಿತು. ಎಲ್ಲ ಕಾರುಗಳ ಬಾಗಿಲೂ ಒಟ್ಟಿಗೆ ತೆರೆದವು.

ಜನವರಿ 19, ಭಾನುವಾರ

ಕ್ಲೈಡ್ ಉತ್ತರದಿಂದ ಬಂದ. ಹಿಂದೆ ಹೇಳಿದ್ದನ್ನೇ ಮತ್ತೆ ಹೇಳಿದ, ಕೋಪವಿಲ್ಲದೆ, ಆಲೂಗಡ್ಡೆ ಹೆಚ್ಚುತ್ತಾ. “ನಾನು ಬಿಡ್ತೀನಿ ಅಂದಿದ್ದು ಸುಮ್ನೆ ಅಲ್ಲ. ಇನ್ನೂ ಹಾಗೇ ಇದೆ.”

“ಬೇಡ,” ಎಂದೆ.

“ಯಾಕೆ?”

ಸರಿಯಾದ ಕಾರಣ ಹೇಳಲು ಬರಲಿಲ್ಲ. ಬಾಯಿಗೆ ಬಂದದ್ದೆಲ್ಲ ಸಣ್ಣಪುಟ್ಟದ್ದು. ಈ ಚಳಿಗೆ ಅವಳ ಸ್ಕೀ ಹಲಗೆಗೆ ಹಸಿರು ಮೇಣ ಬೇಕು, ಅವನು ನೀಲಿ ಹಚ್ಚುತ್ತಾನೆ. ಮಗ್ಗಿ ನಿಂತುಕೊಂಡೇ ಹೇಳಿಸಬೇಕು. ಬುಧವಾರ ಸಿನಾಳ ಕೊನೆಯ ಮಗು ನಮ್ಮಲ್ಲಿರುತ್ತದೆ, ಅದಕ್ಕೆ ಹಾಲು ಬೆಚ್ಚಗಿದ್ದರೆ ಆಗುವುದಿಲ್ಲ. ಮಾರ್ಚಿನಲ್ಲಿ ಮೂರನೇ ತರಗತಿಯವರ ಸ್ಕೀ ಓಟವಿದೆ, ನೆರವಿಗೆ ಬರುತ್ತೇನೆಂದು ಮಿಸ್ ಅಲೆಕ್ಸೀಗೆ ಆಗಲೇ ಹೆಸರು ಕೊಟ್ಟಿದ್ದೇನೆ. ಹೇಳುತ್ತಾ ಹೋದೆ. ಕ್ಲೈಡ್ ಚಾಕು ಕೆಳಗಿಟ್ಟು ಕೇಳುತ್ತಿದ್ದ.

“ಇವೆಲ್ಲ ಕಾರಣಗಳಲ್ಲ, ನಂಗೊತ್ತು,” ಎಂದೆ.

“ಹೂಂ,” ಎಂದ, ಮುಗುಳ್ನಗುತ್ತಾ. ಯಾಕೆ ನಕ್ಕನೋ.

ನಾಚಿಕೆ ಹೋಗಿಲ್ಲ. ಯಾರಾದರೂ “ನೀವೇನು ಮಾಡ್ತೀರಿ” ಎಂದರೆ ಇನ್ನೂ ಸ್ವಲ್ಪ ದಿನ ನನ್ನ ಮುಖ ಬಿಸಿಯಾಗುತ್ತದೆ. ನನ್ನ ಜಾಗಕ್ಕೆ ಕೆಳಗಿನವನು ಒಂದು ಮೆಟ್ಟಿಲು ಏರುತ್ತಾನೆ, ಅವನ ಕೆಳಗಿನವನು ಇನ್ನೊಂದು, ಹೀಗೆ ತಳದವರೆಗೆ. ಯಾರಿಗೂ ನನ್ನ ಹೆಸರು ನೆನಪಾಗುವುದಿಲ್ಲ. ಅದನ್ನು ಯೋಚಿಸಿ ಅಳು ಬಂತು, ಅತ್ತುಬಿಟ್ಟೆ. ಮಗಳಿಗಾಗಿ ಬಿಟ್ಟೆ ಎಂದು ಯಾರಿಗೂ ಹೇಳಬಾರದು, ಟಿಲ್ಲಿಗಂತೂ ಹೇಳಲೇಬಾರದು. ಹೇಳಿದರೆ ಅದನ್ನು ಅವಳು ಜೀವಮಾನವೆಲ್ಲ ಹೊರಬೇಕಾಗುತ್ತದೆ.

ರಾಜೀನಾಮೆ ಬರೆದಾಯಿತು. ಮೂರು ಸಾಲು. ಸಹಿ ಹಾಕಿ ಲಕೋಟೆ ಅಂಟಿಸಿದೆ. ನಾಳೆ ಸಾರ್ವಜನಿಕ ರಜೆ, ಅಂಚೆ ಕಚೇರಿ ಮುಚ್ಚಿರುತ್ತದೆ. ನಾಡಿದ್ದು ಟಿಲ್ಲಿಯನ್ನು ಶಾಲೆಗೆ ಬಿಟ್ಟ ಮೇಲೆ ಒಬ್ಬಳೇ ಹೋಗಿ ಹಾಕುತ್ತೇನೆ. ಸಂಜೆ ಕಾರಿಗೆ ಹತ್ತಿದ ಮೇಲೆ ಹೇಳುತ್ತೇನೆ.

ಅಂದು ಮಂಗಳವಾರ, ಜನವರಿ 21.